ಮಿಲಿಟ್ರಿ ಮುತ್ಯಾನ ಟ್ರಂಕಿನ ಎರಡು ಪದಕ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಹೋದ ತಿಂಗಳು ನಮ್ಮ ಮುತ್ಯಾ ತೀರಿಕೊಂಡರು. ಊರು ಚಿತ್ತಾಪುರದ ಹತ್ತಿರ. 1971ರ ಯುದ್ಧಕ್ಕೆ ಹೋಗಿ ಬಂದವರು. ಊರೆಲ್ಲ ‘ಮಿಲಿಟ್ರಿ ಮುತ್ಯಾ’ ಅಂತಿದ್ದರು. ಮಣ್ಣಿಗೆ ಐವತ್ತು ಮಂದಿಯೂ ಬರಲಿಲ್ಲ. ಬಂದೂಕಿನ ಸಲಾಮಿ ಇಲ್ಲ, ಧ್ವಜ ಇಲ್ಲ, ಪೇಪರಿನಲ್ಲಿ ಒಂದು ಸಾಲೂ ಇಲ್ಲ. ಯುದ್ಧದ ಬಗ್ಗೆ ಕೇಳಿದರೆ ‘ಅದ್ಯಾಕ ಬೇಕವ್ವಾ ನಿನಗ’ ಅಂತ ಎದ್ದು ಹೋಗುತ್ತಿದ್ದರು. ಓಣಿಯ ಹುಡುಗರನ್ನೆಲ್ಲ ‘ತಂಬಿ’ ಅಂತ ಕರೆಯುತ್ತಿದ್ದರು. ಹೊಲಕ್ಕೆ ಹೋಗುವಾಗ ತಾವು ಮುಂದೆ ನಡೆದು, ತಮ್ಮ ಹೆಜ್ಜೆ ಮೇಲೇ ಹೆಜ್ಜೆ ಇಡಿ ಅಂತಿದ್ದರು. ಹಾವಿನ ಹೆದರಿಕೆಗೆ ಅಂದುಕೊಂಡಿದ್ದೆವು. ಟ್ರಂಕಿನಲ್ಲಿ ಎರಡು ಪದಕ ಸಿಕ್ಕಿವೆ, ಫೋಟೊ ಕಳಿಸಿದ್ದೇನೆ. ಆಯಿಯ ಪೆನ್ಷನ್ ಕೆಲಸ ಇನ್ನೂ ಆಗಿಲ್ಲ. ಇಂಥವರ ಬಗ್ಗೆ ನೀವು ಯಾಕೆ ಬರೆಯೋದಿಲ್ಲ?
– ಒಬ್ಬ ಮೊಮ್ಮಗಳು

ಸಂಪಾದಕರ ಉತ್ತರ

ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ತಪ್ಪು ನಮ್ಮದು. 2021ರಲ್ಲಿ ಆ ಯುದ್ಧಕ್ಕೆ ಐವತ್ತು ವರ್ಷ ತುಂಬಿದಾಗ ನಾವೂ ಎರಡು ಪುಟ ಮಾಡಿದ್ದೆವು. ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕುವ ಫೋಟೊ ಇತ್ತು, ಸುಮಾರು 93,000 ಮಂದಿ ಸೆರೆಯಾದ ಸುದ್ದಿ ಇತ್ತು. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಒಬ್ಬ ಮಾಜಿ ಸೈನಿಕರ ಮಾತೂ ಇರಲಿಲ್ಲ. ಆಗ ನಿಮ್ಮ ಮುತ್ಯಾ ಇದ್ದರು. ಚಿತ್ತಾಪುರ ನಮಗೆ ಎಷ್ಟು ದೂರ? ಕಟ್ಟೆ ಮೇಲೆ ಕೂತು ಒಂದು ಮಧ್ಯಾಹ್ನ ಮಾತಾಡಿಸಿ ಬರಬಹುದಿತ್ತು. ಹೋಗಲಿಲ್ಲ. ಅದು ನನ್ನ ಮನಸ್ಸನ್ನು ಕೊರೆಯುತ್ತಿದೆ.

ಸಲಾಮಿ, ಧ್ವಜದ ಮಾತು. ಕರ್ತವ್ಯದಲ್ಲಿದ್ದಾಗ ಮಡಿದವರಿಗೆ ಸಿಗುವ ಸೇನಾ ಗೌರವ, ನಿವೃತ್ತರಾಗಿ ಮನೆಯಲ್ಲಿ ತೀರಿಕೊಂಡವರಿಗೆ ತಾನಾಗಿ ಬರುವುದಿಲ್ಲ. ಸರ್ಕಾರಿ ಅಥವಾ ಸೇನಾ ಗೌರವದ ಅಂತ್ಯಕ್ರಿಯೆ ಅಲ್ಲದಿದ್ದರೆ ರಾಷ್ಟ್ರಧ್ವಜ ಹೊದಿಸುವ ಹಾಗೂ ಇಲ್ಲ. ಹೊದಿಸಿದರೂ ಅದನ್ನು ಕುಣಿಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಹಾಗಾಗಿ ಧ್ವಜ ಇರಲಿಲ್ಲ ಅಂತ ಕೊರಗಬೇಡಿ. ಆದರೆ ಸುದ್ದಿ ಮುಟ್ಟಿದ್ದರೆ ಸೈನಿಕ ಕಲ್ಯಾಣ ಇಲಾಖೆಯವರೋ, ಸುತ್ತಮುತ್ತಲಿನ ಮಾಜಿ ಸೈನಿಕರೋ ಹೂವಿನ ಹಾರ ಹಿಡಿದು ಬರುತ್ತಿದ್ದರೇನೋ. ಸಾವಿನ ಮನೆಯಲ್ಲಿ ಯಾರಿಗೆ ಅದೆಲ್ಲ ಹೊಳೆಯುತ್ತದೆ ಹೇಳಿ. ಮಾಜಿ ಸೈನಿಕರಿರುವ ಮನೆಯವರು ಆ ಆಫೀಸಿನ ಫೋನ್ ನಂಬರನ್ನು ಈಗಲೇ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಲಿ.

ನಮ್ಮದು ಕೊಡಗಿನ ಹಾಗೆ ಮನೆಮನೆಯಲ್ಲೂ ಫೌಜಿಗಳಿರುವ ಸೀಮೆಯಲ್ಲ. ಅಲ್ಲಾದರೆ ಒಬ್ಬ ಮಾಜಿ ಸೈನಿಕ ತೀರಿಕೊಂಡರೆ ಪಕ್ಕದ ಮನೆಯವನೂ ಮಾಜಿ ಸೈನಿಕನೇ. ಏನು ಮಾಡಬೇಕೆಂದು ಅವನಿಗೆ ಗೊತ್ತು. ನಮ್ಮ ಕಡೆ ಊರಿಗೆ ಒಬ್ಬರು ಇದ್ದರೆ ಜಾಸ್ತಿ. 1948ರ ಸೆಪ್ಟೆಂಬರ್ 17ರವರೆಗೂ ನಾವು ನಿಜಾಮನ ಆಳ್ವಿಕೆಯಲ್ಲಿದ್ದವರು. ಅದಾಗಿ ಇಪ್ಪತ್ತೇ ವರ್ಷಕ್ಕೆ ಒಬ್ಬ ತೊಗರಿ ಹೊಲದ ಹುಡುಗ ವಾಡಿಯಲ್ಲಿ ರೈಲು ಹತ್ತಿ, ಬೆಂಗಳೂರಿಗೆ ಹೋಗಿ ಭಾರತದ ಸೇನೆಗೆ ಭರ್ತಿಯಾದ ಅಂದರೆ ಅದು ಸಣ್ಣ ಮಾತೇ? ಊರಿನಲ್ಲಿ ಅವರ ಕಷ್ಟ ಸುಖ ಹಂಚಿಕೊಳ್ಳಲು ಇನ್ನೊಬ್ಬ ಸಿಪಾಯಿ ಇರಲಿಲ್ಲ. ಮುತ್ಯಾ ಮಾತಾಡದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಬೆಂಗಳೂರು ಅಂತ ಯಾಕೆ ಹೇಳಿದೆ ಅಂದರೆ, ನೀವು ಬರೆದ ‘ತಂಬಿ’ ಅನ್ನುವ ಒಂದು ಮಾತಿನಿಂದ. ತಂಬಿ ಅಂದರೆ ತಮಿಳಿನಲ್ಲಿ ತಮ್ಮ. ಹಲಸೂರು ಕೆರೆಯ ಹತ್ತಿರ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, 1780ರಲ್ಲಿ ಶುರುವಾದ ಪಡೆ. ಮದ್ರಾಸ್ ಸ್ಯಾಪರ್ಸ್ ಅಂತಲೂ ಕರೆಯುತ್ತಾರೆ. ಆ ಪಡೆಯ ಜವಾನರಿಗೆ ಸೇನೆಯಲ್ಲೆಲ್ಲ ಪ್ರೀತಿಯ ಹೆಸರೇ ‘ತಂಬಿ’. ನಿಮ್ಮ ಮುತ್ಯಾನನ್ನೂ ಯಾರೋ ಹಾಗೆ ಕರೆದಿರಬೇಕು. ಅದನ್ನೇ ಊರಿಗೆ ತಂದು ಓಣಿಯ ಹುಡುಗರಿಗೆ ಕೊಟ್ಟರು.

ಇನ್ನು ಪದಕ. ಫೋಟೊದಲ್ಲಿರುವ ದುಂಡನೆಯದು ಸಂಗ್ರಾಮ್ ಮೆಡಲ್. 1971ರ ಯುದ್ಧದ ಹೊತ್ತಿಗೆ ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ನಕ್ಷತ್ರದ ಆಕಾರದ್ದು ಪಶ್ಚಿಮಿ ಸ್ಟಾರ್. ಅದು ಎಲ್ಲರಿಗೂ ಸಿಗಲಿಲ್ಲ. ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಅಂದರೆ ನಿಮ್ಮ ಮುತ್ಯಾ ಢಾಕಾ ಕಡೆಗೆ ಹೋದವರಲ್ಲ, ಪಶ್ಚಿಮ ಪಾಕಿಸ್ತಾನದ ಗಡಿಯಲ್ಲಿ ಇದ್ದವರು. ನಾವೆಲ್ಲ ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು ಅನ್ನುತ್ತೇವೆ. ಅವರಿಗೆ ಮುಗಿದದ್ದು 17ರ ರಾತ್ರಿ 8 ಗಂಟೆಗೆ.

ಆ ಗಡಿಯಲ್ಲಿ ಸ್ಯಾಪರ್‌ಗಳ ಕೆಲಸ ಏನು ಗೊತ್ತಾ? ಶತ್ರು ನೆಲದಲ್ಲಿ ಹೂತಿಟ್ಟ, ಭಾರ ಬಿದ್ದರೆ ಸಿಡಿಯುವ ಮೈನ್‌ಗಳನ್ನು ತೆಗೆದು, ಹಿಂದೆ ಬರುವ ಟ್ಯಾಂಕಿಗೂ ಕಾಲಾಳಿಗೂ ದಾರಿ ಮಾಡಿಕೊಡುವುದು. ರಾತ್ರಿ, ದೀಪ ಹಚ್ಚುವ ಹಾಗಿಲ್ಲ. ಹೊಟ್ಟೆ ಮೇಲೆ ಮಲಗಿ, ಕಬ್ಬಿಣದ ಕಡ್ಡಿಯನ್ನೋ ಬಯೊನೆಟ್ಟನ್ನೋ ಮಣ್ಣಿಗೆ ಓರೆಯಾಗಿ, ಮೆಲ್ಲಗೆ ಚುಚ್ಚಬೇಕು. ಗಟ್ಟಿಯಾದದ್ದು ತಗುಲಿದರೆ ಕೈ ನಿಲ್ಲಿಸಿ ಬೆರಳಿನಿಂದ ಮಣ್ಣು ಸರಿಸಬೇಕು. ಮತ್ತೆ ಒಂದು ಗೇಣು ಮುಂದೆ. ಮಾಡಿದ ದಾರಿಯ ಎರಡೂ ಅಂಚಿಗೆ ಬಿಳಿ ಪಟ್ಟಿ ಹಾಸಬೇಕು. ಆ ಪಟ್ಟಿ ದಾಟಿ ಕಾಲಿಟ್ಟವನು ಹೋದ. ಶಕರ್‌ಗಢ ಕಡೆ, ಪಾಕಿಸ್ತಾನದೊಳಗೆ ಬಸಂತರ್ ನದಿಯ ಹತ್ತಿರ, ಡಿಸೆಂಬರ್ 15ರ ರಾತ್ರಿ ಮದ್ರಾಸ್ ಸ್ಯಾಪರ್ಸ್‌ನ 9 ಎಂಜಿನಿಯರ್ ರೆಜಿಮೆಂಟ್ ಇದೇ ಕೆಲಸ ಮಾಡಿತು. ದಾರಿ ಪೂರ್ತಿ ತೆರೆಯುವ ಮೊದಲೇ ಪೂನಾ ಹಾರ್ಸ್‌ನ ಟ್ಯಾಂಕುಗಳು ನುಗ್ಗಬೇಕಾಯಿತು. ಪರಮವೀರ ಚಕ್ರದ ಅರುಣ್ ಖೇತ್ರಪಾಲ್ ಮಡಿದದ್ದು ಆ ಲಡಾಯಿಯಲ್ಲೇ. ಅವರಿಗೆ ಆಗ 21 ವರ್ಷ.

ಇದನ್ನು ಬರೆಯುವಾಗ ನನಗೆ ಕಣ್ಣ ಮುಂದೆ ಬಂದದ್ದು ಒಬ್ಬ ಮುದುಕ. ತೊಗರಿ ಸಾಲಿನ ನಡುವೆ ಮುಂದೆ ಹೋಗುತ್ತಿದ್ದಾರೆ. ಹಿಂದೆ ನೀವು ನಾಲ್ಕು ಮಕ್ಕಳು. ‘ನಾ ಇಟ್ಟಲ್ಲೇ ಕಾಲಿಡ್ರಿ.’ ಹಾವೂ ಇರಬಹುದು, ಇಲ್ಲ ಅನ್ನುವುದಿಲ್ಲ. ನಿಮ್ಮ ಮುತ್ಯಾ ಯುದ್ಧದ ಬಗ್ಗೆ ಏನೂ ಹೇಳಲಿಲ್ಲ ಅಂತ ಬರೆದಿದ್ದೀರಿ. ಹೊಲಕ್ಕೆ ಹೋದಾಗಲೆಲ್ಲ ಹೇಳುತ್ತಿದ್ದರು ತಂಗೀ.

ಆಯಿಯ ಪೆನ್ಷನ್ ವಿಷಯ ತಡ ಮಾಡಬೇಡಿ. ಡಿಸ್ಚಾರ್ಜ್ ಬುಕ್‌ನಲ್ಲಿ ಆಯಿಯ ಹೆಸರಿನ ಕೊನೆಗೆ ‘ಬಾಯಿ’ ಇದೆಯೋ ‘ಅಮ್ಮ’ ಇದೆಯೋ ನೋಡಿ. ನಮ್ಮ ಕಡೆ ಆಧಾರ್‌ನಲ್ಲಿ ಒಂದು, ಸೇನೆಯ ಕಾಗದದಲ್ಲಿ ಇನ್ನೊಂದು ಇರುವುದೇ ಹೆಚ್ಚು, ಕೆಲಸ ಅಲ್ಲೇ ನಿಲ್ಲುತ್ತದೆ. ಮರಣ ಪ್ರಮಾಣಪತ್ರ, ಪೆನ್ಷನ್ ಆದೇಶ, ಡಿಸ್ಚಾರ್ಜ್ ಬುಕ್, ಆಯಿಯ ಆಧಾರ್, ಪಾಸ್‌ಬುಕ್ ಹಿಡಿದು ನೇರವಾಗಿ ಸೈನಿಕ ಕಲ್ಯಾಣ ಇಲಾಖೆಗೆ ಹೋಗಿ. ಹೆಸರು ಸರಿಪಡಿಸಲು ಅಫಿಡವಿಟ್ ಮಾಡಿಸಬೇಕಾಗಬಹುದು. ಏಜೆಂಟರ ಕೈಗೆ ಮಾತ್ರ ಮೂಲ ಕಾಗದ ಕೊಡಬೇಡಿ. ಆಯಿ ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ನೀವು ಹೋಗಿ.

ದಿಲ್ಲಿಯಲ್ಲಿ 2019ರಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಯಿತು. ಮಡಿದ 25,000ಕ್ಕೂ ಹೆಚ್ಚು ಸೈನಿಕರ ಹೆಸರು ಅಲ್ಲಿ ಕಲ್ಲಿನಲ್ಲಿ ಕೊರೆದಿದೆ. ಅದು ಆಗಲೇಬೇಕಿತ್ತು. ಜೀವಂತ ತಿರುಗಿ ಬಂದು, ಹೊಲ ಮಾಡಿ, ಮಕ್ಕಳ ಮದುವೆ ಮಾಡಿ, ಮನೆಯ ಮಂಚದ ಮೇಲೆ ಕಣ್ಣು ಮುಚ್ಚಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಆದರೆ ಒಂದು ಕಡೆ ಇದೆ. ಆ ದುಂಡನೆಯ ಪದಕದ ಅಂಚು ನೋಡಿ, ಕಾಸಿನಷ್ಟೇ ದಪ್ಪ. ಅಲ್ಲಿ ಸಣ್ಣ ಅಕ್ಷರದಲ್ಲಿ ಸೈನಿಕನ ನಂಬರ್, ಹುದ್ದೆ, ಹೆಸರು ಕೊರೆದಿರುತ್ತಾರೆ. ಆ ನಂಬರ್ ಹಾಕಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ (ಎಂಇಜಿ) ರೆಕಾರ್ಡ್ಸ್ ಆಫೀಸಿಗೆ ಆಯಿಯ ಹೆಸರಿನಲ್ಲಿ ಪತ್ರ ಬರೆಯಿರಿ. ಮುತ್ಯಾ ಯಾವ ಕಂಪನಿಯಲ್ಲಿದ್ದರು ಅಂತ ಕೇಳಿ. ಉತ್ತರ ಬಂದ ಮೇಲೆ ನನಗೂ ತಿಳಿಸಿ. ಅವರ ಬಗ್ಗೆ ನಾವು ಬರೆಯುತ್ತೇವೆ, ನಿಮ್ಮ ಮನೆಗೇ ಬಂದು, ಆಯಿಯ ಮುಂದೆ ಕೂತು.

ಅಂಚಿನ ಅಕ್ಷರ ಸವೆದಿದ್ದರೆ ಪದಕವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಇರುವುದೂ ಹೋಗುತ್ತದೆ. ಮನೆಯಲ್ಲಿ ವಿಭೂತಿ ಇರುತ್ತದಲ್ಲ, ಚೂರು ಪುಡಿ ಮಾಡಿ ಅಂಚಿಗೆ ಬೆರಳಿನಿಂದ ಸವರಿ. ಮೇಲಿನದನ್ನು ಬಟ್ಟೆಯಿಂದ ಹಗುರವಾಗಿ ಒರೆಸಿ, ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ತಗ್ಗಿನಲ್ಲಿ ಉಳಿದ ವಿಭೂತಿಯಲ್ಲಿ ಒಂದೊಂದೇ ಅಕ್ಷರ ಬೆಳ್ಳಗೆ ಕಾಣುತ್ತದೆ. ಆಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಜೋರಾಗಿ ಓದಿ.