ಗಲಭೆಗಳ ತನಿಖಾ ಆಯೋಗ ಮಾಡಿದ ಶಿಫಾರಸುಗಳನ್ನು ಸರ್ಕಾರ ಒಪ್ಪಲೇಬೇಕೇ?

ಒಪ್ಪಬೇಕಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾದ ಆಯೋಗ ಸಾಕ್ಷಿಗಳನ್ನು ಕರೆಸಬಹುದು, ಕಡತಗಳನ್ನು ತರಿಸಿಕೊಳ್ಳಬಹುದು. ಆದರೆ ಅದು ಕೊಡುವುದು ಸಲಹೆ, ತೀರ್ಪಲ್ಲ. ವರದಿ ಕೈಸೇರಿದ ಆರು ತಿಂಗಳೊಳಗೆ ಅದನ್ನು ‘ಕೈಗೊಂಡ ಕ್ರಮಗಳ ವರದಿ’ಯ ಜೊತೆ ಸರ್ಕಾರ ಸದನದಲ್ಲಿ ಮಂಡಿಸಬೇಕು, ಅಷ್ಟೇ. ಅದರಲ್ಲಿ ‘ಒಪ್ಪಿಲ್ಲ’ ಎಂದು ಬರೆದರೂ ಕಾನೂನು ಪಾಲಿಸಿದಂತೆಯೇ!

1992–93ರ ಮುಂಬೈ ಗಲಭೆಯನ್ನೇ ನೋಡಿ. ಸುಮಾರು 900 ಜನ ಸತ್ತ ಆ ಗಲಭೆಯ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗವನ್ನು 1996ರ ಜನವರಿಯಲ್ಲಿ ಶಿವಸೇನೆ–ಬಿಜೆಪಿ ಸರ್ಕಾರ ವಿಸರ್ಜಿಸಿತು; ಮೇ ತಿಂಗಳಲ್ಲಿ ಮತ್ತೆ ರಚಿಸಿತು. 1998ರ ಫೆಬ್ರವರಿಯಲ್ಲಿ ಸಲ್ಲಿಕೆಯಾದ ವರದಿ ಶಿವಸೇನೆಯ ನಾಯಕರ ಪಾತ್ರವನ್ನು ಎತ್ತಿ ಹೇಳಿತು, 31 ಪೊಲೀಸರ ಮೇಲೆ ಬೆರಳು ತೋರಿತು. ಆಗಸ್ಟ್‌ನಲ್ಲಿ ವರದಿ ಮಂಡಿಸಿದ ಸರ್ಕಾರ ಅದರ ಮುಖ್ಯ ನಿರ್ಣಯಗಳನ್ನು ತಳ್ಳಿಹಾಕಿತು. ದೂಷಣೆಗೆ ಒಳಗಾದ ಪಕ್ಷವೇ ಕ್ರಮ ಕೈಗೊಳ್ಳಬೇಕಾದ ಕುರ್ಚಿಯಲ್ಲಿದ್ದರೆ ಬೇರೇನು ನಿರೀಕ್ಷಿಸಲು ಸಾಧ್ಯ?

ಜನ ಬೀದಿಯಲ್ಲಿರುವಾಗಲೇ ವರದಿ ಬಂದರೆ ಮಾತು ಬೇರೆ. 2012ರ ದೆಹಲಿ ಅತ್ಯಾಚಾರದ ಬಳಿಕ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ (ಇದು ಆ ಕಾಯ್ದೆಯ ಆಯೋಗವಲ್ಲ) 29 ದಿನಗಳಲ್ಲಿ ವರದಿ ಮುಗಿಸಿತು. ಎರಡು ವಾರದೊಳಗೆ ಸುಗ್ರೀವಾಜ್ಞೆ ಹೊರಬಿತ್ತು. ಆಗಲೂ ವೈವಾಹಿಕ ಅತ್ಯಾಚಾರವನ್ನು ಅಪರಾಧವಾಗಿಸುವ ಶಿಫಾರಸನ್ನು ಸರ್ಕಾರ ಕೈಬಿಟ್ಟಿತು.