ಹಸು ಬಿಚ್ಚಲಾರದ ಗಂಟು

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಮಕ್ಕಳಿಂದ ಪ್ಲಾಸ್ಟಿಕ್ ಕುರಿತು ಕವಿತೆ ಬರೆಸಿ, ಚಿತ್ರ ಬಿಡಿಸಿ, ಬಹುಮಾನ ಕೊಡುತ್ತೇವೆ. ಮರುದಿನ ಮೈದಾನದಲ್ಲಿ ಕುರುಕಲು ತಿಂಡಿಯ ಪೊಟ್ಟಣಗಳು ಎಂದಿನಂತೆಯೇ ಬಿದ್ದಿರುತ್ತವೆ. ಇಂಥ ಕೆಲಸದಿಂದ ನಿಜಕ್ಕೂ ಪ್ರಯೋಜನವಿದೆಯೇ? ಇದ್ದರೆ ಹೇಗೆ ಮಾಡಿಸಬೇಕು?
– ಶಿಕ್ಷಕಿ, ಸಾಗರ ತಾಲ್ಲೂಕು

ಉತ್ತರ: ಪ್ರಯೋಜನವಿದೆ ಎಂದೇ ನನ್ನ ದೃಢ ನಂಬಿಕೆ. ಆದರೆ ಪ್ಲಾಸ್ಟಿಕ್ಕನ್ನು ಹೆಮ್ಮಾರಿ, ರಾಕ್ಷಸ ಎಂದು ಕರೆದು ಪ್ರಾಸ ಹೊಂದಿಸುವ ಪದ್ಯಗಳಿಂದ ಅದು ಸಿಗುವುದಿಲ್ಲ. ಅಂಥ ಪದ್ಯ ಬರೆದ ಮಗುವಿಗೆ ತನ್ನ ಕೈಯಲ್ಲಿರುವ ಪೊಟ್ಟಣದ ನೆನಪೇ ಆಗುವುದಿಲ್ಲ, ಏಕೆಂದರೆ ಪದ್ಯದೊಳಗೆ ಆ ಪೊಟ್ಟಣ ಇರಲೇ ಇಲ್ಲ.

ಕೆಲವು ವರ್ಷಗಳ ಹಿಂದೆ ಮಕ್ಕಳ ಕಮ್ಮಟವೊಂದರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಒಂದೇ ಸಾಲು ಬರೆದು ಪೆನ್ನು ಕೆಳಗಿಟ್ಟಿದ್ದಳು: ‘ನಾನು ಹಾಕಿದ ಗಂಟು ಹಸುವಿಗೆ ಬಿಚ್ಚಲು ಬರಲಿಲ್ಲ.’ ಮಿಕ್ಕ ಅನ್ನ, ಸಾರನ್ನು ಕವರಿಗೆ ಸುರಿದು, ಸೋರದಂತೆ ಅದರ ಬಾಯಿ ಬಿಗಿದು, ಬೀದಿಯ ಮೂಲೆಯಲ್ಲಿಟ್ಟು ಬರುವುದು ಅವಳ ದಿನನಿತ್ಯದ ಕೆಲಸವಾಗಿತ್ತು. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಆ ಪ್ರಾಣಿ ಅನ್ನದ ವಾಸನೆಗೆ ಬಂದು ಕವರನ್ನೂ ಸೇರಿಸಿಯೇ ನುಂಗುತ್ತದೆ. ಒಳಗೆ ಹೋದ ಕವರು ಮೆಲುಕಿಗೂ ಬಾರದೆ, ಸಗಣಿಯಲ್ಲೂ ಹೋಗದೆ ಉಂಡೆಗಟ್ಟುತ್ತಾ ಹೋಗುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದ ಉದಾಹರಣೆಗಳು ನಮ್ಮ ದೇಶದಲ್ಲಿ ಅನೇಕವಿವೆ. ಇಷ್ಟನ್ನೂ ಆ ಒಂದು ಸಾಲು ಹೇಳಿತ್ತು. ಅಂದಿನಿಂದ ನಾನು ಯಾವ ಕವರಿಗೂ ಗಂಟು ಹಾಕಿಲ್ಲ.

ಚಿತ್ರಕ್ಕೂ ಇದೇ ಮಾತು ಹೊಂದುತ್ತದೆ. ಅಮೆರಿಕದ ಛಾಯಾಗ್ರಾಹಕ ಕ್ರಿಸ್ ಜೋರ್ಡನ್ 2009ರಲ್ಲಿ ಪೆಸಿಫಿಕ್ ಸಾಗರದ ನಡುವಿನ ಮಿಡ್‌ವೇ ದ್ವೀಪಕ್ಕೆ ಹೋಗಿ, ಸತ್ತುಬಿದ್ದ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯ ಮರಿಗಳ ಚಿತ್ರ ತೆಗೆದರು. ಕೊಳೆತ ದೇಹದಲ್ಲಿ ಗರಿ, ಮೂಳೆಗಳ ನಡುವೆ ಬಾಟಲಿ ಮುಚ್ಚಳ, ಲೈಟರ್‌ಗಳು ಬಣ್ಣ ಮಾಸದೆ ಉಳಿದಿದ್ದವು. ನೀರಿನ ಮೇಲೆ ತೇಲುವುದನ್ನೆಲ್ಲ ಆಹಾರವೆಂದು ತಿಳಿದು ತಾಯಿ ತಂದೆಯರೇ ಅವನ್ನು ಮರಿಗಳಿಗೆ ಉಣಿಸಿದ್ದವು. ಜೋರ್ಡನ್ ಒಂದು ಚೂರನ್ನೂ ಸರಿಸದೆ, ಇದ್ದುದನ್ನು ಇದ್ದಂತೆಯೇ ತೋರಿಸಿದರು. ಆ ಮುಚ್ಚಳ ನಮ್ಮ ಮನೆಯಲ್ಲೂ ಇದೆ ಎಂಬುದೇ ನೋಡುವವರನ್ನು ಕಲಕುತ್ತದೆ.

ಆದ್ದರಿಂದ ಈ ಬಾರಿ ವಿಷಯವನ್ನು ‘ಪ್ಲಾಸ್ಟಿಕ್’ ಎಂದು ಕೊಡಬೇಡಿ. ಒಂದು ವಸ್ತುವನ್ನು ಕೊಡಿ. ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಯ ಚೂರು ಕವಿತೆಗೆ ಒಳ್ಳೆಯ ವಸ್ತು. ತೊಳೆದ ಪ್ಯಾಕೆಟ್ಟನ್ನು ಗುಜರಿಯವರು ಕೊಳ್ಳುತ್ತಾರೆ, ಆದರೆ ಉಗುರಿನಷ್ಟಿರುವ ಆ ಚೂರನ್ನು ಯಾರೂ ಹೆಕ್ಕುವುದಿಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಬಿಟ್ಟರೆ ಸಾಕು, ಅದೂ ಪ್ಯಾಕೆಟ್ಟಿನ ಜೊತೆಗೇ ಹೋಗುತ್ತದೆ. ಮೈದಾನದಲ್ಲಿ ಬಿದ್ದ ತಿಂಡಿಯ ಪೊಟ್ಟಣಗಳನ್ನು ಒಂದು ವಾರ ಕೂಡಿಟ್ಟು, ಮಕ್ಕಳೇ ಅವನ್ನು ಗುಜರಿ ಅಂಗಡಿಗೆ ಒಯ್ದು ಬೆಲೆ ಕೇಳಲಿ. ಹಲವು ಪದರ ಬೆಸೆದು ಮಾಡಿದ ಆ ಹೊಳೆಯುವ ಹಾಳೆಯನ್ನು ಬಿಡಿಸಿ ಕರಗಿಸುವುದು ಕಷ್ಟ. ಹೆಚ್ಚಿನ ಅಂಗಡಿಯವರು ಬೇಡವೆಂದು ತಲೆಯಾಡಿಸಿ ಕಳಿಸುತ್ತಾರೆ. ಆ ಅಂಗಡಿಯಲ್ಲಿ ಕೇಳಿದ ಮಾತುಗಳನ್ನೇ ಮಕ್ಕಳು ತ್ರಿಪದಿಗೆ ಇಳಿಸಲಿ. ಮೂರು ಸಾಲಾದ್ದರಿಂದ ಬಾಯಿಗೆ ಬರುತ್ತದೆ, ಮನೆಗೂ ಹೋಗುತ್ತದೆ.

ಇನ್ನೊಂದು ವಿಷಯವನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಪ್ಲಾಸ್ಟಿಕ್ ವಿರೋಧಿ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟುವುದು, ಥರ್ಮೋಕೋಲಿನಲ್ಲಿ ಅಕ್ಷರ ಕೊರೆಯುವುದು, ಬಹುಮಾನಿತ ಚಿತ್ರಕ್ಕೆ ಲ್ಯಾಮಿನೇಶನ್ ಮಾಡಿಸುವುದು ಮಕ್ಕಳಿಗೆ ಸುಳ್ಳು ಕಲಿಸಿದಂತೆ. ಅಲಂಕಾರದ ಥರ್ಮೋಕೋಲ್ ಅಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಇವುಗಳ ಬದಲಿಗೆ ನಿಮ್ಮ ತಾಲ್ಲೂಕಿನಲ್ಲೇ ಹಸೆ ಚಿತ್ತಾರವೆಂಬ ಗೋಡೆ ಚಿತ್ರಕಲೆ ಇದೆ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಹುರಿದ ಅಕ್ಕಿಯ ಕಪ್ಪಿನಿಂದ, ಪುಂಡಿನಾರಿನ ಕುಂಚ ಹಿಡಿದು ಅದನ್ನು ಬರೆಯುತ್ತಾರೆ. ಅದನ್ನು ಬಲ್ಲ ಅಜ್ಜಿಯೊಬ್ಬರನ್ನು ಗೌರವದಿಂದ ಶಾಲೆಗೆ ಕರೆಸಿ, ಮೈದಾನಕ್ಕೆ ಎದುರಾಗಿರುವ ಗೋಡೆಯನ್ನು ಅವರಿಗೂ ಮಕ್ಕಳಿಗೂ ಬಿಟ್ಟುಕೊಡಿ. ಮಕ್ಕಳ ತ್ರಿಪದಿಗಳನ್ನು ಅದೇ ಗೋಡೆಯಲ್ಲಿ, ಅದೇ ಕುಂಚದಿಂದ ಬರೆಸಿ.