ಫಾಸ್ಫೋಲಿಪಿಡ್‌ಗಳ ತಲೆಯ ಗುಂಪುಗಳನ್ನಷ್ಟೇ ಓದಿಕೊಂಡರೆ ಸಾಕೇ?

ಸಾಲದು. ಜೀವಕೋಶದ ಪೊರೆಯನ್ನು ಕಟ್ಟುವ ಫಾಸ್ಫೋಲಿಪಿಡ್ ಅಣುವಿಗೆ ನೀರಿಗೆ ಒಗ್ಗುವ ಒಂದು ತಲೆ, ಕೊಬ್ಬಿನಾಮ್ಲಗಳ ಎರಡು ಬಾಲಗಳು ಇರುತ್ತವೆ. ಕೋಲೀನ್, ಸೀರೀನ್, ಇನೋಸಿಟಾಲ್ ಎಂದು ತಲೆಯ ಗುಂಪುಗಳನ್ನು ಬಾಯಿಪಾಠ ಮಾಡಿ, ಬಾಲಗಳನ್ನು ನೀರಿಗೆ ಸೇರದ ಎರಡು ಗೆರೆಗಳೆಂದು ಬಿಟ್ಟುಬಿಡಬಹುದೇ ಎಂದು ಕೇಳಿದ್ದೀರಿ. ಬಿ.ಎಸ್ಸಿ.ಯಲ್ಲಿ ನಾನು ಹಾಗೆಯೇ ಓದಿ ಒಳ್ಳೆಯ ಅಂಕಗಳನ್ನೂ ಪಡೆದಿದ್ದೆ. ಅದಕ್ಕೆ ಬೆಲೆ ತೆತ್ತದ್ದು ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ.

ಲೈಪೋಸೋಮ್, ಎಂದರೆ ಫಾಸ್ಫೋಲಿಪಿಡ್ ಪೊರೆಯ ಪುಟ್ಟ ಗುಳ್ಳೆಗಳನ್ನು ತಯಾರಿಸುವ ಕೆಲಸ ನನ್ನದಾಗಿತ್ತು. ಡಿಪಿಪಿಸಿ ಎಂಬ ಫಾಸ್ಫೋಲಿಪಿಡನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ, ದುಂಡು ತಳದ ಫ್ಲಾಸ್ಕಿನ ಒಳಮೈಗೆ ತೆಳು ಪದರವಾಗಿ ಒಣಗಿಸಿ, ಕೋಣೆಯ ಉಷ್ಣತೆಯಲ್ಲಿದ್ದ ಬಫರನ್ನು (ಪಿಎಚ್ ಸ್ಥಿರವಾಗಿಡುವ ದ್ರಾವಣವನ್ನು) ಅದರ ಮೇಲೆ ಸುರಿದೆ. ಪದರವು ಬಿಳಿಯ ಚೂರುಗಳಾಗಿ ಎದ್ದಿತು. ಅದನ್ನು 100 ನ್ಯಾನೊಮೀಟರ್ ರಂಧ್ರಗಳ ಫಿಲ್ಟರಿನ ಮೂಲಕ ತಳ್ಳಲು ಹೋದಾಗ ಸಿರಿಂಜ್ ಕದಲಲಿಲ್ಲ. ಬಲ ಹಾಕಿದ್ದಕ್ಕೆ ಫಿಲ್ಟರೇ ಹರಿಯಿತು. ನೀರಿನೊಡನೆ ವ್ಯವಹಾರವೆಲ್ಲ ತಲೆಯದು ಎಂದು ನಂಬಿದ್ದ ನಾನು ಬಫರಿನ ಪಿಎಚ್ ಬದಲಿಸಿದೆ, ಲವಣದ ಪ್ರಮಾಣ ಬದಲಿಸಿದೆ, ಕೊನೆಗೆ ಪ್ರಾಜೆಕ್ಟಿಗೆಂದು ತರಿಸಿದ್ದ ದುಬಾರಿ ಲಿಪಿಡ್ ಪೂರ್ತಿ ಮುಗಿಯಿತು.

ತೊಡಕಿದ್ದದ್ದು ಬಾಲದಲ್ಲಿ. ಡಿಪಿಪಿಸಿಯ ಗ್ಲಿಸರಾಲ್‌ಗೆ ಸೇರಿರುವ ಎರಡೂ ಕೊಬ್ಬಿನಾಮ್ಲಗಳು 16 ಇಂಗಾಲಗಳ ಪರ್ಯಾಪ್ತ ಸರಪಳಿಗಳು. ದ್ವಿಬಂಧವಿಲ್ಲದ ಈ ನೇರ ಸರಪಳಿಗಳು ಒತ್ತೊತ್ತಾಗಿ ಕೂರುವುದರಿಂದ, ಸುಮಾರು 41 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪೊರೆಯು ಬಿಗಿಯಾದ ಜೆಲ್ ಸ್ಥಿತಿಯಲ್ಲೇ ಉಳಿಯುತ್ತದೆ. ಡಿಒಪಿಸಿ ಎಂಬ ಇನ್ನೊಂದು ಫಾಸ್ಫೋಲಿಪಿಡಿನ ತಲೆಯೂ ಅದೇ ಕೋಲೀನ್; ಆದರೆ ಅದರ 18 ಇಂಗಾಲಗಳ ಪ್ರತಿ ಬಾಲದಲ್ಲಿ ಒಂದು ಸಿಸ್ ದ್ವಿಬಂಧ, ಅದರಿಂದ ಒಂದು ಬಾಗು. ಅಷ್ಟಕ್ಕೇ ಆ ಉಷ್ಣತೆ ಸುಮಾರು −17 ಡಿಗ್ರಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದರೂ ಕಡಲೆಕಾಯಿ ಎಣ್ಣೆ ಹರಿಯುವುದಕ್ಕೆ ಕಾರಣವೂ ಇದೇ ಬಗೆಯದು. ಬಫರು, ಫ್ಲಾಸ್ಕು, ಫಿಲ್ಟರಿನ ಸಲಕರಣೆ, ಎಲ್ಲವನ್ನೂ 50 ಡಿಗ್ರಿಯಲ್ಲಿ ಇಟ್ಟುಕೊಂಡಿದ್ದರೆ ಕೆಲಸ ಆಗುತ್ತಿತ್ತು.

ಜೀವಕೋಶಗಳು ಬದುಕುವುದೇ ಈ ಲೆಕ್ಕಾಚಾರದ ಮೇಲೆ. ಇ. ಕೋಲಿ ಬ್ಯಾಕ್ಟೀರಿಯಾವನ್ನು ತಂಪಿನಲ್ಲಿ ಬೆಳೆಸಿದರೆ ಅದು ತನ್ನ ಪೊರೆಯಲ್ಲಿ ದ್ವಿಬಂಧವಿರುವ ಅಪರ್ಯಾಪ್ತ ಬಾಲಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಇಲ್ಲವಾದರೆ ಪೊರೆ ಬಿಗಿದುಕೊಂಡು ಅದರೊಳಗಿನ ಪ್ರೋಟೀನುಗಳ ಚಲನೆ ಕುಂಠಿತವಾಗುತ್ತದೆ. ನಾನು ಹಾಳುಮಾಡಿದ ಅದೇ ಡಿಪಿಪಿಸಿ ನಮ್ಮ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಮೇಲ್ಮೈ ಎಳೆತವನ್ನು ತಗ್ಗಿಸಿ, ಉಸಿರು ಬಿಟ್ಟಾಗ ಅವು ಕುಸಿಯದಂತೆ ಕಾಯುತ್ತದೆ. ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳು ಉಸಿರಿಗೆ ಕಷ್ಟಪಡುವುದು ಈ ಲೇಪ ಸಾಲದಿರುವುದರಿಂದ.

ತಲೆಗಳು ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಪೊರೆಯ ಒಳಪದರದಲ್ಲಿರಬೇಕಾದ, ಸೀರೀನ್ ತಲೆಯ ಫಾಸ್ಫಟಿಡೈಲ್‌ಸೀರೀನ್ ಹೊರಪದರದಲ್ಲಿ ಕಾಣಿಸಿಕೊಂಡರೆ, ಆ ಕೋಶ ಸಾಯುತ್ತಿದೆಯೆಂದು ಗುರುತಿಸಿ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶ ಅದನ್ನು ನುಂಗುತ್ತದೆ. ಆದರೆ ಹೆಸರುಗಳ ಪಟ್ಟಿಯಿಂದ ಆರಂಭಿಸಬೇಡಿ. ಡಿಪಿಪಿಸಿ, ಡಿಒಪಿಸಿಗಳನ್ನು ಒಂದೇ ಹಾಳೆಯಲ್ಲಿ, ಪ್ರತಿ ಇಂಗಾಲವನ್ನೂ ಎಣಿಸಿ ಬರೆಯಿರಿ; ತಲೆಯ ಗುಂಪುಗಳನ್ನು ಆಮೇಲೆ ಓದಿ.